ಸೋತರೂ ಏನೂ ಕಳೆಯದ ಆಟ: ‘ವುಕಾಂಗ್’ ಆಡುವ ಬಗೆ

ಪ್ರಶ್ನೆ: ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಸಿಗುವ ಒಂದು ಗಂಟೆಯ ಬಿಡುವಿನಲ್ಲಿ ಆಡೋಣವೆಂದು ‘ಬ್ಲ್ಯಾಕ್ ಮಿಥ್: ವುಕಾಂಗ್’ ಎಂಬ ವಿಡಿಯೊ ಗೇಮ್ ಕೊಂಡೆ. ಗ್ರಾಫಿಕ್ಸ್ ಬೆರಗು ಹುಟ್ಟಿಸುವಂತಿದೆ. ಆದರೆ ಮೊದಲ ಅಧ್ಯಾಯದಲ್ಲೇ ಬಿಳಿ ಬಟ್ಟೆ ತೊಟ್ಟ ಬಾಸ್ (ಬಲಿಷ್ಠ ಎದುರಾಳಿ) ಎದುರು ಪದೇ ಪದೇ ಸಾಯುತ್ತಿದ್ದೇನೆ. ಕಷ್ಟವನ್ನು ತಗ್ಗಿಸುವ ಸೆಟ್ಟಿಂಗ್ ಎಲ್ಲೂ ಕಾಣಲಿಲ್ಲ. ಇಂಥ ಗೇಮ್‌ಗಳ ಅಭ್ಯಾಸವಿಲ್ಲದ ನನ್ನಂಥವರು ಇದನ್ನು ಸವಿಯಲು ಸಾಧ್ಯವೇ? ಮೂಲ ಚೀನೀ ಕಥೆ ಗೊತ್ತಿರಲೇಬೇಕೇ?

ಉತ್ತರ: ಖಂಡಿತ ಸಾಧ್ಯ. ನೀವು ಹುಡುಕುತ್ತಿರುವ ಸೆಟ್ಟಿಂಗ್ ಈ ಗೇಮ್‌ನಲ್ಲಿ ಇಲ್ಲ ಎಂಬುದು ನಿಜ. ಚೀನಾದ ಗೇಮ್ ಸೈನ್ಸ್ ಸಂಸ್ಥೆ 2024ರ ಆಗಸ್ಟ್ 20ರಂದು ಬಿಡುಗಡೆ ಮಾಡಿದ ಈ ಆಟದಲ್ಲಿ ಎಲ್ಲರಿಗೂ ಒಂದೇ ಮಟ್ಟದ ಕಾಠಿಣ್ಯವಿದೆ. ಆದರೆ ಸೋಲಿನ ಬೆಲೆಯನ್ನು ಅದು ಬಹಳ ಕಡಿಮೆ ಇಟ್ಟಿದೆ. ಇದೇ ಬಗೆಯ ಹಲವು ಗೇಮ್‌ಗಳಲ್ಲಿ ಸತ್ತರೆ ಗಳಿಸಿದ ಅಂಕ, ಹಣ ಎಲ್ಲವೂ ಬಿದ್ದ ಜಾಗದಲ್ಲೇ ಉಳಿದುಹೋಗುತ್ತವೆ, ಇಲ್ಲಿ ಹಾಗಿಲ್ಲ. ಸತ್ತಾಗ ಕೊನೆಯ ಪುಟ್ಟ ಗುಡಿಯ ಬಳಿ ಮತ್ತೆ ಏಳುತ್ತೀರಿ, ಗಳಿಸಿದ್ದೆಲ್ಲ ನಿಮ್ಮ ಬಳಿಯೇ ಇರುತ್ತದೆ. ಅದೇ ಗುಡಿಯಲ್ಲಿ ಕುಳಿತು, ಈವರೆಗೆ ಕೌಶಲಗಳಿಗೆ ಹಾಕಿದ ಅಂಕಗಳನ್ನೆಲ್ಲ ಯಾವ ಖರ್ಚೂ ಇಲ್ಲದೆ ಹಿಂಪಡೆದು ಬೇರೆ ಬಗೆಯಲ್ಲಿ ಹಂಚಲೂಬಹುದು. ನಿಮ್ಮ ಕಥಾನಾಯಕನನ್ನು ಎದುರಾಳಿಗೆ ತಕ್ಕಂತೆ ಮರುರೂಪಿಸಿಕೊಳ್ಳುವ ಈ ಸ್ವಾತಂತ್ರ್ಯವೇ ನಿಮಗೆ ಬೇಕಾದ ಸೆಟ್ಟಿಂಗ್. ಹೊಸಬರು ಹೆಚ್ಚಾಗಿ ಮರೆಯುವುದೂ ಇದನ್ನೇ.

ಈಗ ನಿಮ್ಮನ್ನು ತಡೆದು ನಿಲ್ಲಿಸಿರುವ ಬಿಳಿ ಬಟ್ಟೆಯವನ ವಿಷಯಕ್ಕೆ ಬರೋಣ. ಮೊಣಕಾಲು ಮುಳುಗದಷ್ಟು ನೀರಿನಲ್ಲಿ ನಿಂತು ಹೋರಾಡುವ ಇವನು ಆಯುಧವನ್ನು ಎತ್ತಿ ಒಂದು ಕ್ಷಣ ಹಾಗೆಯೇ ತಡೆದು ಅನಂತರ ಬೀಸುತ್ತಾನೆ; ಎತ್ತಿದ್ದನ್ನು ಕಂಡೊಡನೆ ತಪ್ಪಿಸಿಕೊಳ್ಳುವ ಬಟನ್ ಒತ್ತುವವರಿಗೆ ಏಟು ಬೀಳುವುದು ಆ ತಡೆಯ ಕಾರಣದಿಂದಲೇ. ಆದ್ದರಿಂದ ಕಣ್ಣು ಅವನ ಕೈಯ ಮೇಲಿರಲಿ, ಕೈ ಕೆಳಗಿಳಿಯತೊಡಗಿದಾಗ ಮಾತ್ರ ಬಟನ್ ಒತ್ತಿ. ಸರಿಯಾದ ಗಳಿಗೆಯಲ್ಲಿ ತಪ್ಪಿಸಿಕೊಂಡರೆ ನೀವಿದ್ದ ಜಾಗದಲ್ಲಿ ನಿಮ್ಮದೇ ನೆರಳಿನಂಥ ಆಕೃತಿ ಒಂದು ಕ್ಷಣ ಉಳಿಯುತ್ತದೆ ಮತ್ತು ಭಾರಿ ಹೊಡೆತಕ್ಕೆ ಬೇಕಾದ ಫೋಕಸ್ ಕೂಡ ಏರುತ್ತದೆ. ಒಂದು ಇಡೀ ರಾತ್ರಿ ಹೊಡೆಯುವ ಗೋಜಿಗೇ ಹೋಗದೆ, ಬರೀ ತಪ್ಪಿಸಿಕೊಳ್ಳುತ್ತ ಅವನ ವರಸೆಗಳನ್ನು ಗುರುತು ಹಿಡಿಯಿರಿ ಎಂಬುದು ನನ್ನ ಸಲಹೆ. ಸತ್ತರೆ ಕಳೆದುಕೊಳ್ಳುವುದೇನೂ ಇಲ್ಲವಾದ್ದರಿಂದ ಆ ರಾತ್ರಿ ವ್ಯರ್ಥವಾಗುವುದಿಲ್ಲ.

ಅದಕ್ಕೂ ಮೊದಲು ಬಂದ ದಾರಿಯಲ್ಲಿ ಹಿಂದಿರುಗಿ, ಕಾಡಿನ ಭಾಗದಲ್ಲಿ ಮುಖ್ಯ ಹಾದಿ ಬಿಟ್ಟು ಪಕ್ಕಕ್ಕೆ ಹೋದರೆ ಎದುರಾಗುವ ಗ್ವಾಂಗ್‌ಝಿಯನ್ನು ಸೋಲಿಸಿದ್ದೀರಾ ಎಂದು ನೋಡಿಕೊಳ್ಳಿ. ಅವನನ್ನು ಗೆದ್ದರೆ, ಉರಿಯುವ ಆಯುಧ ಹಿಡಿದ ತೋಳನ ರೂಪ ತಾಳುವ ಶಕ್ತಿ ಸಿಗುತ್ತದೆ. ಆ ರೂಪದಲ್ಲಿರುವಾಗ ತಿಂದ ಏಟುಗಳು ನಿಮ್ಮ ಸ್ವಂತ ಆರೋಗ್ಯವನ್ನು ಮುಟ್ಟುವುದಿಲ್ಲ. ಬಿಳಿ ಬಟ್ಟೆಯವನು ಎರಡನೆಯ ಹಂತದಲ್ಲಿ ಹಾವಿನ ಸ್ವರೂಪ ತೋರಿದಾಗ ಇದನ್ನು ಬಳಸಿದರೆ ಹೋರಾಟ ಬಹಳಷ್ಟು ಹಗುರವಾಗುತ್ತದೆ. ಎದುರಾಳಿಯನ್ನು ಇದ್ದಲ್ಲೇ ಸ್ತಂಭಿಸುವ ಮಂತ್ರವನ್ನು ಮಾತ್ರ ಆರಂಭದಲ್ಲೇ ಖರ್ಚು ಮಾಡದೆ, ಅವನು ದೊಡ್ಡ ವರಸೆಗೆ ಸಿದ್ಧನಾಗುವ ಹೊತ್ತಿಗೆ ಉಳಿಸಿಕೊಳ್ಳಿ.

ಇನ್ನು ಕಥೆಯ ವಿಚಾರ. ತಿಳಿದಿರಲೇಬೇಕೆಂಬ ನಿಯಮವಿಲ್ಲ, ಆದರೆ ತಿಳಿದವರಿಗೆ ಈ ಆಟ ದುಪ್ಪಟ್ಟು ರುಚಿಸುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಇದಕ್ಕೆ ಆಧಾರ 16ನೆಯ ಶತಮಾನದ, ನೂರು ಅಧ್ಯಾಯಗಳ ಮಹಾಕಾದಂಬರಿ ‘ಪಶ್ಚಿಮದ ಯಾತ್ರೆ’. ಗ್ರಂಥಗಳನ್ನರಸಿ ಭಾರತಕ್ಕೆ ಹೊರಟ ಭಿಕ್ಷು ಶ್ವಾನ್‌ಝಾಂಗ್‌ನಿಗೆ ಬೆಂಗಾವಲಾಗಿ ಬರುವ ವಾನರನೇ ಸುನ್ ವುಕಾಂಗ್. ನಮ್ಮ ಶಾಲೆಯ ಪುಸ್ತಕಗಳಲ್ಲಿ ‘ಹುಯೆನ್ ತ್ಸಾಂಗ್’ ಎಂದು ಕಾಣಿಸಿಕೊಳ್ಳುವ, ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟ ಯಾತ್ರಿಕನೇ ಆ ಭಿಕ್ಷು. ವುಕಾಂಗ್‌ನ ಮೂಲ ನಮ್ಮ ಹನುಮಂತನೇ ಎಂದು ಚೀನೀ ವಿದ್ವಾಂಸ ಹು ಶಿ ವಾದಿಸಿದರೆ, ಲೇಖಕ ಲು ಶುನ್ ಅದನ್ನು ಒಪ್ಪದೆ ಚೀನಾದ್ದೇ ಆದ ಹಳೆಯ ಜಲರಾಕ್ಷಸನ ಕಥೆಯತ್ತ ಬೆರಳು ತೋರಿಸಿದರು. ಗೇಮ್‌ನಲ್ಲಿ ನೀವು ಆಡುವುದು ವುಕಾಂಗ್‌ನಾಗಿ ಅಲ್ಲ, ಅವನ ಕಾಲದ ನಂತರ ಅವನ ಅವಶೇಷಗಳನ್ನು ಹುಡುಕಿ ಹೊರಟ ಇನ್ನೊಂದು ಕೋತಿಯಾಗಿ.

ಕಾದಂಬರಿಯಲ್ಲಿ ಕಪ್ಪು ಕರಡಿಯೊಡನೆ ಹರಟುತ್ತ ಕುಳಿತ ಬಿಳಿ ಬಟ್ಟೆಯ ಪಂಡಿತನನ್ನು ವುಕಾಂಗ್ ದೊಣ್ಣೆಯ ಒಂದೇ ಏಟಿಗೆ ಕೊಲ್ಲುತ್ತಾನೆ. ಸತ್ತ ಮೇಲೆ ಅವನು ಹಾವೆಂದು ತಿಳಿಯುತ್ತದೆ. ಅಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ಆ ಜೀವವೇ ಇಲ್ಲಿ ನಿಮ್ಮ ರಾತ್ರಿಗಳನ್ನು ಕಾಡುತ್ತಿರುವವನು. ಮೂಲದಲ್ಲಿ ಮಾತಿಗೂ ಅವಕಾಶ ಸಿಗದವರಿಗೆ ಇಲ್ಲಿ ಮುಖವಿದೆ, ಪೌರುಷವಿದೆ, ಸೋಲಿಸಿದ ಮೇಲೆ ಪಟ್ಟಿಯಲ್ಲಿ ಸೇರುವ ಅವರ ಚಿತ್ರದ ಜೊತೆಗೆ ಒಂದು ಪದ್ಯ ಮತ್ತು ಒಂದು ಕಥೆಯಿದೆ. ಈ ಗೇಮ್‌ನ ನಿಜವಾದ ಸಂಪತ್ತು ಆ ಬರಹಗಳಲ್ಲಿದೆ ಎನ್ನುವವನು ನಾನು. ನಿಮಗಿರುವ ಒಂದು ಗಂಟೆಯಲ್ಲಿ ಕೊನೆಯ ಹತ್ತು ನಿಮಿಷವನ್ನು ಅವುಗಳನ್ನು ಓದಲು ಮೀಸಲಿಡಿ.

ಎರಡನೆಯ ಅಧ್ಯಾಯದ ಹಳದಿ ಗಾಳಿಯ ಬೆಟ್ಟದಲ್ಲಿ, ಮರಳಿನ ನಡುವೆ ರುಂಡವಿಲ್ಲದ ಸನ್ಯಾಸಿಯೊಬ್ಬ ಮೂರು ತಂತಿಯ ವಾದ್ಯ ನುಡಿಸುತ್ತ ಹಾಡುತ್ತಾನೆ. ಅದು ಚೀನಾದ ಶಾನ್ಶಿ (Shaanxi) ಪ್ರಾಂತ್ಯದ ಉತ್ತರ ಭಾಗದ ಜನಪದ ಕಥನಗಾಯನ. ಅವನೆದುರು ನಿಂತು ಹಾಡು ಪೂರ್ತಿ ಕೇಳಿ. ಗುಡಿಗಳು, ಬುದ್ಧನ ಮೂರ್ತಿಗಳು ಕೂಡ ಬರೀ ಕಲ್ಪನೆಯಲ್ಲ, ಚೀನಾದ ನಿಜವಾದ ದೇಗುಲಗಳನ್ನು ಸ್ಕ್ಯಾನ್ ಮಾಡಿ ರೂಪಿಸಿದವು. ಇಷ್ಟು ಚೆಲುವಾದ ಲೋಕದಲ್ಲಿ ಎಲ್ಲಿ ಹೋಗಬಹುದು, ಎಲ್ಲಿ ಕಾಣದ ಗೋಡೆ ತಡೆಯುತ್ತದೆ ಎಂಬುದು ಸ್ಪಷ್ಟವಾಗದಿರುವುದು ಈ ಆಟದ ದೊಡ್ಡ ಕೊರತೆಯೇ ಸರಿ.

ಮೂಲ ಕಾದಂಬರಿಯನ್ನು ಪೂರ್ತಿ ಓದಲು ಸಮಯವಿಲ್ಲದಿದ್ದರೆ 16 ಮತ್ತು 17ನೆಯ ಅಧ್ಯಾಯಗಳನ್ನಾದರೂ ಓದಿ. ಭಿಕ್ಷುವಿನ ಕಾಷಾಯ ವಸ್ತ್ರಕ್ಕೆ ಆಸೆಪಟ್ಟ ಮುದಿ ಮಠಾಧೀಶ, ಅವನು ಹೊತ್ತಿಸಿದ ಬೆಂಕಿ, ಆ ಗಲಾಟೆಯಲ್ಲಿ ವಸ್ತ್ರ ಕದ್ದೊಯ್ದ ಕರಡಿ, ಇವೆಲ್ಲ ಅಲ್ಲಿವೆ. ನೀವೀಗ ಸಿಲುಕಿರುವ ಮೊದಲ ಅಧ್ಯಾಯಕ್ಕೆ ಅಷ್ಟು ಸಾಕು.