ವಾದದ ಪ್ರಬಂಧದಲ್ಲಿ ಎದುರು ವಾದವನ್ನು ಖಂಡಿಸಿ ಮುಗಿಸುವುದು ಹೇಗೆ?
ನಮ್ಮ ಶಾಸ್ತ್ರಗ್ರಂಥಗಳ ಕ್ರಮವೇ ಸಾಕು: ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಆಮೇಲೆ ಅದರ ಖಂಡನೆ. ಎದುರಾಳಿಯ ಅತಿ ಗಟ್ಟಿ ವಾದವನ್ನೇ ಆರಿಸಿ, ಅವರೂ ತಲೆದೂಗುವಂತೆ ಒಂದೆರಡು ವಾಕ್ಯದಲ್ಲಿ ಬರೆಯಿರಿ. ಪೊಳ್ಳು ವಾದ ಹಿಡಿದು ಬಡಿದರೆ ಓದುಗರಿಗೆ ಗೊತ್ತಾಗಿಬಿಡುತ್ತದೆ.

ಪ್ಲಾಸ್ಟಿಕ್ ನಿಷೇಧದ ಪರ ಬರೆಯುತ್ತಿದ್ದೀರಿ ಎನ್ನಿ. ‘ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂತು, ತರಕಾರಿ ಅಂಗಡಿಯಲ್ಲಿ ಕವರ್ ಇನ್ನೂ ಸಿಗುತ್ತದಲ್ಲ?’ ಎಂಬ ಆಕ್ಷೇಪವನ್ನು ಒಪ್ಪಿಕೊಳ್ಳಿ. ಆಮೇಲೆ ‘ಆದರೆ ಇದು ಜಾರಿಯ ಸೋಲು, ನಿಷೇಧದ್ದಲ್ಲ’ ಎಂದು ತಿರುಗಿಸಿ, ಕಾರಣ ಕೊಡಿ. ‘ಆದರೆ’ಯ ನಂತರದ ಭಾಗ ಆಕ್ಷೇಪಕ್ಕಿಂತ ಉದ್ದವಿರಲಿ, ಇಲ್ಲದಿದ್ದರೆ ಎದುರಾಳಿಯೇ ಗೆದ್ದಂತೆ ಕಾಣುತ್ತದೆ.

ಮುಕ್ತಾಯಕ್ಕೆ ಮೂರು ನಾಲ್ಕು ವಾಕ್ಯ. ಹೊಸ ಅಂಕಿಅಂಶ ಬೇಡ, ಸಮರ್ಥಿಸಲು ಜಾಗವಿರುವುದಿಲ್ಲ. ನಿಲುವನ್ನು ಬೇರೆ ಮಾತಿನಲ್ಲಿ ಹೇಳಿ, ಯಾರು ಏನು ಮಾಡಬೇಕೆಂದು ತಿಳಿಸಿ: ‘ಅಂಗಡಿಯವರಿಗಿಂತ ಮೊದಲು ತಯಾರಕರಿಗೆ ದಂಡ ಬೀಳಲಿ.’