ಸಂಪಾದಕರ ಉತ್ತರ: ಸಮುದ್ರದ ಬಾವಿ, ಮೇಷ್ಟ್ರ ನಿವೃತ್ತಿ ಹಣ

ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಉದ್ದದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಸಾರ ಇಷ್ಟು. 2025ರ ಸೆಪ್ಟೆಂಬರ್‌ನಲ್ಲಿ ಅಂಡಮಾನ್ ಸಮುದ್ರದಲ್ಲಿ ಗ್ಯಾಸ್ ಸಿಕ್ಕಿತು ಎಂಬ ಸುದ್ದಿ ಓದಿ ಅವರು ಆ ಬಾವಿ ಕೊರೆದ ಸರ್ಕಾರಿ ಕಂಪನಿ ಆಯಿಲ್ ಇಂಡಿಯಾದ ಷೇರು ಕೊಂಡರು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕೆಲಸದಲ್ಲಿರುವ ಮಗ ಇದನ್ನು ಕೇಳಿ ನಕ್ಕನಂತೆ. "ಅಪ್ಪಾ, ಅದು ದೊಡ್ಡ ಕಂಪನಿ, ಒಂದು ಬಾವಿಯಿಂದ ಅದಕ್ಕೇನೂ ಆಗಲ್ಲ. ಲಂಡನ್ ಮಾರುಕಟ್ಟೆಯಲ್ಲಿ ಸಣ್ಣ ಕಂಪನಿಗಳಿವೆ. ಒಂದು ಬಾವಿ ಹಿಡಿದರೆ ಸಾಕು, ಹತ್ತು ಪಟ್ಟು" ಅಂದನಂತೆ. ಅಂದಿನಿಂದ ಮೇಷ್ಟ್ರು ರಿಗ್ (ಸಮುದ್ರದಲ್ಲಿ ಬಾವಿ ಕೊರೆಯುವ ಯಂತ್ರ) ಎಲ್ಲಿದೆ, ಎಷ್ಟು ಮೀಟರ್ ಕೊರೆದರು ಎಂದು ದಿನಾ ನೋಡುತ್ತಿದ್ದಾರೆ. ಅವರ ಪ್ರಶ್ನೆ: "ಕಂಪನಿಯ ಪ್ರಕಟಣೆಗಳನ್ನು ಸರಿಯಾಗಿ ಓದಲು ಕಲಿತರೆ, ಎಣ್ಣೆ ಇದೆಯೋ ಇಲ್ಲವೋ ಬೇರೆಯವರಿಗಿಂತ ಮೊದಲೇ ಗೊತ್ತಾಗುವುದಿಲ್ಲವೇ? ನಿವೃತ್ತಿ ಹಣದಲ್ಲಿ ಒಂದು ಭಾಗ ಹಾಕಬಹುದೇ?" ಕೊನೆಗೆ, ಅಂಡಮಾನ್ ಸುದ್ದಿ ನಂಬಿ ಮಂಗಳೂರಿನ ರಿಫೈನರಿ ಎಂಆರ್‌ಪಿಎಲ್ ಷೇರನ್ನೂ ಕೊಳ್ಳಬಹುದೇ ಎಂಬ ಒಂದು ಸಾಲೂ ಇದೆ.

ಮೇಷ್ಟ್ರೇ, ಮೊದಲ ಪ್ರಶ್ನೆಗೆ ಉತ್ತರ: ಗೊತ್ತಾಗುವುದಿಲ್ಲ. ಯಾಕೆಂದರೆ ಎಷ್ಟೋ ಸಲ ಪ್ರಕಟಣೆ ಬರೆದ ಕಂಪನಿಗೇ ಗೊತ್ತಿರುವುದಿಲ್ಲ. ಸುಮ್ನೆ ಹೇಳುತ್ತಿಲ್ಲ. 2010ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಬಳಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮ ಮಗನಿಗೆ ಈ ಕಥೆ ಗೊತ್ತಿರಬಹುದು. ಗೊತ್ತಿದ್ದೂ ಹಾಗೆ ಹೇಳಿದ್ದರೆ ಅವನನ್ನೇ ವಿಚಾರಿಸಿ.

ಫಾಕ್‌ಲ್ಯಾಂಡ್ ಇರುವುದು ದಕ್ಷಿಣ ಅಟ್ಲಾಂಟಿಕ್‌ನಲ್ಲಿ, ಅರ್ಜೆಂಟೀನಾದಿಂದ ಪೂರ್ವಕ್ಕೆ. 1998ರಲ್ಲಿ ಶೆಲ್‌ನಂಥ ದೊಡ್ಡ ಕಂಪನಿಗಳು ಅದರ ಉತ್ತರದ ಸಮುದ್ರದಲ್ಲಿ ಆರು ಬಾವಿ ಕೊರೆದವು. ಎಣ್ಣೆಯ ಗುರುತು ಕಂಡಿತು. ಆದರೆ ತೆಗೆದು ಮಾರುವಷ್ಟು ಸಿಗಲಿಲ್ಲ. ಆಗ ಎಣ್ಣೆ ಬೆಲೆಯೂ ಬ್ಯಾರೆಲ್‌ಗೆ 10 ಡಾಲರ್ ಆಸುಪಾಸಿಗೆ ಬಿದ್ದಿತ್ತು. ದೊಡ್ಡವರು ಗಂಟುಮೂಟೆ ಕಟ್ಟಿದರು. ಉಳಿದ ಜಾಗ ಸಣ್ಣವರ ಪಾಲಾಯಿತು. ಅವರಲ್ಲಿ ಮುಖ್ಯವಾದವು ಎರಡು, ಡಿಸೈರ್ ಪೆಟ್ರೋಲಿಯಂ ಮತ್ತು ರಾಕ್‌ಹಾಪರ್. ಎರಡೂ ಲಂಡನ್‌ನ ಏಮ್ ಮಾರುಕಟ್ಟೆಯ ಕಂಪನಿಗಳು. ಏಮ್ ಎಂದರೆ ಸಣ್ಣ ಕಂಪನಿಗಳಿಗಾಗಿ, ಸಡಿಲ ನಿಯಮಗಳೊಂದಿಗೆ ಇರುವ ಮಾರುಕಟ್ಟೆ. ನಿಮ್ಮ ಮಗ ಹೇಳುತ್ತಿರುವುದೂ ಬಹುಶಃ ಇದನ್ನೇ.

ಈ ಕಂಪನಿಗಳ ಹತ್ತಿರ ಸ್ವಂತ ರಿಗ್ ಇರಲಿಲ್ಲ. ಆದಾಯವೂ ಇರಲಿಲ್ಲ. ಷೇರು ಮಾರಿ ಹಣ ಎತ್ತಿ, ಓಷನ್ ಗಾರ್ಡಿಯನ್ ಎಂಬ ರಿಗ್ ಬಾಡಿಗೆಗೆ ಹಿಡಿದರು. 2009ರ ಕೊನೆಯಲ್ಲಿ ಸ್ಕಾಟ್ಲೆಂಡಿನಿಂದ ಹೊರಟ ಅದನ್ನು ಎಳೆದುಕೊಂಡು ಹೋಗಿ ಮುಟ್ಟಿಸುವಾಗ 2010ರ ಫೆಬ್ರವರಿ. ಅರ್ಜೆಂಟೀನಾ ಸಿಟ್ಟಾಯಿತು. ಅದು ಬೇರೆ ಕಥೆ, ಬಿಡಿ.

ಮೊದಲ ಬಾವಿ ಡಿಸೈರ್‌ನದು, ಹೆಸರು ಲಿಜ್. ಫೆಬ್ರವರಿಯಲ್ಲಿ ಕೊರೆಯಲು ಶುರು. ಮಾರ್ಚ್ ಕೊನೆಗೆ ಫಲಿತಾಂಶ ಬಂತು: ಎಣ್ಣೆ ಇರಬಹುದು, ಆದರೆ ತೆಳು ಪದರಗಳಲ್ಲಿ, ಕಲ್ಲಿನ ಗುಣಮಟ್ಟವೂ ಸರಿಯಿಲ್ಲ. ಒಂದೇ ದಿನದಲ್ಲಿ ಷೇರು ಸುಮಾರು ಅರ್ಧಕ್ಕೆ ಬಿತ್ತು. ಅದೇ ರಿಗ್ ರಾಕ್‌ಹಾಪರ್‌ನ ಜಾಗಕ್ಕೆ ಹೋಯಿತು. ಮೇ 6ಕ್ಕೆ ಅವರಿಂದ ಸುದ್ದಿ ಬಂತು: ಸೀ ಲಯನ್ ಬಾವಿಯಲ್ಲಿ ಎಣ್ಣೆ ಸಿಕ್ಕಿದೆ. ಷೇರು ಆ ಒಂದೇ ದಿನ ಎರಡು ಪಟ್ಟಿಗಿಂತ ಜಾಸ್ತಿ ಏರಿತು. ಅದೇ ಸಮುದ್ರ, ಅದೇ ರಿಗ್. ಒಬ್ಬರ ಹಣ ಅರ್ಧ, ಇನ್ನೊಬ್ಬರದು ದುಪ್ಪಟ್ಟು. ಮುಂಚೆಯೇ ಇದನ್ನು ಹೇಳಬಲ್ಲವರು ಯಾರಾದರೂ ಇದ್ದಿದ್ದರೆ 1998ರಲ್ಲಿ ಶೆಲ್ ಅಲ್ಲಿಂದ ಹೋಗುತ್ತಿತ್ತಾ?

ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಡಿಸೈರ್‌ನ ಇನ್ನೊಂದು ಬಾವಿಯ ವಿಷಯ, ರೇಚಲ್ ನಾರ್ತ್. 2010ರ ಡಿಸೆಂಬರ್ 2, ಗುರುವಾರ. ಕಂಪನಿ ಪ್ರಕಟಣೆ ಕೊಟ್ಟಿತು: ಮೊದಲ ಮಾಹಿತಿಯ ಪ್ರಕಾರ ಇದು ಎಣ್ಣೆ ಬಾವಿ. ಷೇರು ಏರಿತು. ಜನ ಕೊಂಡರು. ಡಿಸೆಂಬರ್ 6, ಸೋಮವಾರ ಇನ್ನೊಂದು ಪ್ರಕಟಣೆ: ಮಾದರಿ ಮೇಲೆ ತಂದು ನೋಡಿದೆವು, ಸಿಕ್ಕಿರುವುದು ಹೆಚ್ಚಾಗಿ ನೀರು. ಷೇರು ಮತ್ತೆ ಅರ್ಧದಷ್ಟು ಕುಸಿಯಿತು. ನಿಮ್ಮ ಕಡೆ ಬೋರ್‌ವೆಲ್‌ನಲ್ಲಿ ನೀರು ಬಂದರೆ ತೆಂಗಿನಕಾಯಿ ಒಡೆಯುತ್ತಾರೆ, ಅಲ್ವಾ? ಇಲ್ಲಿ ನೀರು ಬಂದದ್ದಕ್ಕೆ ಸಾವಿರಾರು ಜನರ ದುಡ್ಡು ಹೋಯಿತು.

ಗುರುವಾರದ್ದು ಸುಳ್ಳಾ? ಹಾಗಲ್ಲ. ಇಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕು. ಕೊರೆದ ತೂತಿನೊಳಗೆ ತಂತಿ ಕಟ್ಟಿ ಉಪಕರಣ ಇಳಿಸುತ್ತಾರೆ. ಸುತ್ತಲಿನ ಕಲ್ಲಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅದು ಅಳೆಯುತ್ತದೆ. ಕಲ್ಲಿನ ಸಂದಿಯಲ್ಲಿ ಉಪ್ಪುನೀರಿದ್ದರೆ ಚೆನ್ನಾಗಿ ಹರಿಯುತ್ತದೆ. ಎಣ್ಣೆ ಇದ್ದರೆ ಹರಿಯುವುದಿಲ್ಲ. ಆದರೆ ನೀರಿನಲ್ಲಿ ಉಪ್ಪಿನಂಶ ಕಡಿಮೆ ಇದ್ದರೂ ಹರಿಯುವುದು ಕಡಿಮೆಯೇ. ಕೊರೆಯುವಾಗ ಮೇಲೆ ಬರುವ ಕೆಸರಿನಲ್ಲಿ ಗ್ಯಾಸ್ ಕಂಡರೆ ಅದೂ ಒಂದು ಸೂಚನೆ. ಇವೆಲ್ಲ ಸೂಚನೆಗಳು ಮಾತ್ರ. ಆ ಆಳದಿಂದ ದ್ರವವನ್ನೇ ಮೇಲೆ ತಂದು ನೋಡುವವರೆಗೆ ಖಾತ್ರಿ ಇಲ್ಲ. ಎಣ್ಣೆಯೇ ಬಂದರೂ, ದಿನಕ್ಕೆ ಎಷ್ಟು ಹರಿಯುತ್ತದೆ ಎಂಬ ಪರೀಕ್ಷೆ ಇನ್ನೂ ಬಾಕಿ.

ಹಾಗಿದ್ದರೆ ಪೂರ್ತಿ ಗೊತ್ತಾಗುವವರೆಗೆ ಸುಮ್ಮನಿರಬಹುದಿತ್ತಲ್ಲ ಅಂತೀರಾ? ಬೆಲೆಯ ಮೇಲೆ ಪರಿಣಾಮ ಬೀರುವ ಸುದ್ದಿಯನ್ನು ತಡ ಮಾಡದೆ ಹೊರಗೆ ಹೇಳಬೇಕು ಎಂಬುದು ಮಾರುಕಟ್ಟೆಯ ನಿಯಮ. ಒಳಗಿನವರು ಮೊದಲೇ ಕೊಂಡು ಲಾಭ ಮಾಡಬಾರದು ಎಂದೇ ಈ ನಿಯಮ ಇದೆ. ನಿಮ್ಮಂಥವರನ್ನು ಕಾಪಾಡಲು ಮಾಡಿದ್ದು. ಆದರೆ ಅದೇ ನಿಯಮದಿಂದ ಅರ್ಧ ಬೆಂದ ಸುದ್ದಿಯೂ ನಿಮ್ಮ ಕೈಗೆ ಬರುತ್ತದೆ. ನೀವು ಎಷ್ಟೇ ಶ್ರದ್ಧೆಯಿಂದ ಓದಿದರೂ ಗುರುವಾರದ ಕಾಗದದಲ್ಲಿ ಸೋಮವಾರದ ಉತ್ತರ ಇರುವುದಿಲ್ಲ. ನೆಟ್ ಪೇ, ಸ್ಪಡ್, ಸೈಡ್‌ಟ್ರ್ಯಾಕ್ ಅಂತೆಲ್ಲ ಬಾವಿ ಕೊರೆಯುವವರ ಪದಗಳನ್ನು ಕಲಿತಿದ್ದೀರಿ. ಖುಷಿಯ ವಿಷಯ. ಆದರೆ ಈ ಪದಗಳು ಬಂದ ಮೇಲೆ ವಿಷಯವೂ ಗೊತ್ತು ಎಂಬ ಧೈರ್ಯ ಬರುತ್ತದೆ. ನನಗೆ ಭಯ ಆ ಧೈರ್ಯದ ಬಗ್ಗೆ.

ಇನ್ನು ಗೆದ್ದವರ ಕಥೆ. ಸೀ ಲಯನ್ ನಿಜವಾದ ಎಣ್ಣೆ, ಅದರಲ್ಲಿ ಅನುಮಾನ ಇಲ್ಲ. ಅದನ್ನು ಪರೀಕ್ಷಿಸಲು, ಸುತ್ತ ಇನ್ನಷ್ಟು ಬಾವಿ ಕೊರೆಯಲು ರಾಕ್‌ಹಾಪರ್ ಅದೇ ವರ್ಷ ಮತ್ತೆ ಹೊಸ ಷೇರು ಮಾರಿತು. 2012ರಲ್ಲಿ ಪ್ರೀಮಿಯರ್ ಆಯಿಲ್‌ಗೆ ಶೇ. 60 ಪಾಲು ಬಿಟ್ಟುಕೊಟ್ಟಿತು. ಎಣ್ಣೆ ತೆಗೆಯುವ ಖರ್ಚು ಅದರ ಕೈಮೀರಿದ್ದು. ನಂತರ 2014ರಲ್ಲಿ ಎಣ್ಣೆ ಬೆಲೆ ಬಿತ್ತು, 2020ರಲ್ಲಿ ಕೋವಿಡ್ ಬಂತು. 2010ರಲ್ಲಿ ಪೌಂಡ್‌ಗಳಲ್ಲಿ ಲೆಕ್ಕ ಹಾಕುತ್ತಿದ್ದ ಷೇರು 2020ರಲ್ಲಿ 10 ಪೆನ್ಸ್‌ಗಿಂತ, ಅಂದರೆ ಪೌಂಡಿನ ಹತ್ತನೇ ಒಂದು ಭಾಗಕ್ಕಿಂತ, ಕೆಳಗೆ ಇಳಿಯಿತು. ಪ್ರೀಮಿಯರ್ ಇನ್ನೊಂದು ಕಂಪನಿಯಲ್ಲಿ ಸೇರಿಹೋಯಿತು, ಹೊಸ ಯಜಮಾನರು ಫಾಕ್‌ಲ್ಯಾಂಡ್ ಬೇಡ ಅಂದರು. ಆಮೇಲೆ ಇಸ್ರೇಲಿನ ನವಿತಾಸ್ ಬಂದು ಕೈ ಹಾಕಿತು. ಎಣ್ಣೆ ಸಿಕ್ಕಿ 15 ವರ್ಷ ದಾಟಿದಾಗಲೂ ಅಲ್ಲಿಂದ ಒಂದು ಬ್ಯಾರೆಲ್ ಮಾರಾಟಕ್ಕೆ ಹೋಗಿರಲಿಲ್ಲ. ಡಿಸೈರ್ ಕಂಪನಿಯನ್ನು 2013ರಲ್ಲಿ ಫಾಕ್‌ಲ್ಯಾಂಡ್ ಆಯಿಲ್ ಅಂಡ್ ಗ್ಯಾಸ್ ಕೊಂಡಿತು, 2016ರಲ್ಲಿ ಅದೂ ರಾಕ್‌ಹಾಪರ್‌ನೊಳಗೆ ಸೇರಿತು.

ಈಗ ನಮ್ಮ ದೇಶಕ್ಕೆ ಬರೋಣ. ಕೃಷ್ಣಾ–ಗೋದಾವರಿ ಸಮುದ್ರದ ಕೆಜಿ-ಡಿ6 ನಿಮಗೆ ನೆನಪಿರಬೇಕು. 2002ರಲ್ಲಿ ರಿಲಯನ್ಸ್ ಅಲ್ಲಿ ಗ್ಯಾಸ್ ಕಂಡುಹಿಡಿಯಿತು. 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಶುರು. 2010ರಲ್ಲಿ ದಿನಕ್ಕೆ 6 ಕೋಟಿ ಘನ ಮೀಟರ್ ದಾಟಿತು. ಅಲ್ಲಿಂದ ಇಳಿಯಿತು ನೋಡಿ, 2013ರ ಹೊತ್ತಿಗೆ ಅದರ ಕಾಲುಭಾಗದ ಆಸುಪಾಸು. ಅಲ್ಲಿ ರಿಲಯನ್ಸ್ ಜೊತೆ ಕೆನಡಾದ ನೀಕೋ ರಿಸೋರ್ಸಸ್ ಎಂಬ ಕಂಪನಿಗೆ ಶೇ. 10 ಪಾಲಿತ್ತು. ಗ್ಯಾಸ್ ಇಳಿದಾಗ ರಿಲಯನ್ಸ್ ಷೇರುದಾರ ಗೊಣಗಿದ, ಅಷ್ಟೆ. ಕಂಪನಿಗೆ ಜಾಮ್‌ನಗರದ ರಿಫೈನರಿ ಇತ್ತು, ಪೆಟ್ರೋಕೆಮಿಕಲ್ಸ್ ಇತ್ತು. ನೀಕೋಗೆ ಹಾಗೆ ಆಸರೆ ಇರಲಿಲ್ಲ. ಇಂಡೋನೇಷ್ಯಾ ಸಮುದ್ರದಲ್ಲಿ ಕೊರೆಸಿದ್ದೂ ಕೈಕೊಟ್ಟಿತು. 2010ರ ಸುಮಾರಿಗೆ 100 ಕೆನಡಾ ಡಾಲರ್ ದಾಟಿದ್ದ ಅದರ ಷೇರು 2015ರಲ್ಲಿ 1 ಡಾಲರ್‌ಗಿಂತ ಕೆಳಗೆ ಬಂತು. ಬಾವಿಗಳು ಅವೇ. ಗ್ಯಾಸ್ ಅದೇ. ಅವರ ಭೂವಿಜ್ಞಾನಿಗಳ ಕೈಯಲ್ಲಿದ್ದ ಮಾಹಿತಿಯೂ ಹೆಚ್ಚುಕಡಿಮೆ ಅದೇ.

ನಾನು ಹೇಳಬೇಕೆಂದದ್ದು ಇಷ್ಟೇ. ಬಾವಿಯಲ್ಲಿ ಏನಿದೆ ಎಂದು ನಿಮಗೂ ನನಗೂ ಕಾಣುವುದಿಲ್ಲ. ಆದರೆ ಬಾವಿ ಒಣಗಿದರೆ ಕಂಪನಿಯಲ್ಲಿ ಏನು ಉಳಿಯುತ್ತದೆ ಎಂಬುದು ಇವತ್ತೇ ಕಾಣುತ್ತದೆ, ಬ್ಯಾಲೆನ್ಸ್ ಶೀಟಿನಲ್ಲಿ. ಕೈಯಲ್ಲಿ ಎಷ್ಟು ನಗದು ಇದೆ? ರಿಗ್ ಬಾಡಿಗೆ ಕೊಟ್ಟ ಮೇಲೆ ಎಷ್ಟು ತಿಂಗಳು ಬರುತ್ತದೆ? ಮೂರು ವರ್ಷದ ಹಿಂದೆ ಎಷ್ಟು ಷೇರು ಇದ್ದವು, ಈಗ ಎಷ್ಟಾಗಿವೆ? ಬಾವಿಯ ಖರ್ಚು ಪೂರ್ತಿ ಇವರದೋ, ಪಾಲುದಾರರು ಹೊರುತ್ತಾರೋ? ಸಣ್ಣ ಕಂಪನಿಯಲ್ಲಿ ಹಣ ಮುಗಿದಾಗ ಹೊಸ ಷೇರುಗಳನ್ನು ದೊಡ್ಡ ಸಂಸ್ಥೆಗಳಿಗೆ ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ ಕೊಡುವುದು ಮಾಮೂಲಿ. ಆಗ ಎಣ್ಣೆ ಸಿಕ್ಕಿದರೂ ನಿಮ್ಮ ಪಾಲು ಕರಗಿರುತ್ತದೆ. ರಿಗ್ ನಕ್ಷೆ ನೋಡುವ ಸಮಯದಲ್ಲಿ ಅರ್ಧ ಇದಕ್ಕೆ ಕೊಟ್ಟರೆ ಸಾಕು.

ಒಂದು ಎಚ್ಚರಿಕೆ ಮಾತ್ರ. "ನಮ್ಮ ಬ್ಲಾಕಿನಲ್ಲಿ ಇಷ್ಟು ಕೋಟಿ ಬ್ಯಾರೆಲ್ ಇದೆ" ಎಂದು ಓದಿದಾಗ ಪಕ್ಕದ ಪದ ನೋಡಿ. ಪ್ರಾಸ್ಪೆಕ್ಟಿವ್ ರಿಸೋರ್ಸ್ ಎಂದಿದ್ದರೆ ಇನ್ನೂ ಯಾರೂ ಕೊರೆದಿಲ್ಲ, ಇರಬಹುದು ಎಂಬ ಲೆಕ್ಕ. ಕಂಟಿಂಜೆಂಟ್ ರಿಸೋರ್ಸ್ ಎಂದರೆ ಸಿಕ್ಕಿದೆ, ಆದರೆ ತೆಗೆದು ಮಾರುವುದು ಇನ್ನೂ ತೀರ್ಮಾನ ಆಗಿಲ್ಲ. ರಿಸರ್ವ್ ಎಂದಾಗ ಮಾತ್ರ ತೆಗೆಯುವ ಯೋಜನೆ, ಲಾಭದ ಲೆಕ್ಕ ಎರಡೂ ಇರುತ್ತದೆ. ಮೊದಲನೆಯದನ್ನು ಇವತ್ತಿನ ಎಣ್ಣೆ ಬೆಲೆಯಿಂದ ಗುಣಿಸಿ ಷೇರಿನ "ನಿಜವಾದ ಬೆಲೆ" ಹೇಳುವವರು ಸಿಕ್ಕೇ ಸಿಗುತ್ತಾರೆ. ನಮಸ್ಕಾರ ಹೇಳಿ ಎದ್ದುಬನ್ನಿ.

ನಿಮ್ಮ ಆಯಿಲ್ ಇಂಡಿಯಾ ಮಾರಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಏನು ಕೊಂಡಿದ್ದೀರಿ ಎಂದು ತಿಳಿದಿರಲಿ. ಅಂಡಮಾನ್‌ನ ಶ್ರೀ ವಿಜಯಪುರಂ-2 ಬಾವಿ 295 ಮೀಟರ್ ಆಳದ ನೀರಿನಲ್ಲಿದೆ. ಸುಮಾರು 2,200 ಮೀಟರ್ ಆಳದಲ್ಲಿ ಗ್ಯಾಸ್ ಕಂಡಿತು. ಮಾದರಿಯನ್ನು ಕಾಕಿನಾಡಕ್ಕೆ ತಂದು ಪರೀಕ್ಷಿಸಿದಾಗ ಶೇ. 87 ಮೀಥೇನ್ ಎಂದು ಬಂತು. ಅಂದರೆ ಮಾದರಿ ಕೈಗೆ ಬಂದಿದೆ, ರೇಚಲ್ ನಾರ್ತ್‌ನ ಗುರುವಾರಕ್ಕಿಂತ ಒಂದು ಮೆಟ್ಟಿಲು ಮೇಲೆ. ಆದರೆ ಎಷ್ಟಿದೆ, ಲಾಭಕ್ಕೆ ತೆಗೆಯಬಹುದೇ ಎಂದು ಮುಂದೆ ನೋಡಬೇಕು ಎಂದು ಸಚಿವ ಹರ್‌ದೀಪ್ ಸಿಂಗ್ ಪುರಿ ಅವರೇ ಸುದ್ದಿ ಕೊಟ್ಟಾಗ ಹೇಳಿದ್ದರು. ಅಂಡಮಾನ್ ಕೂಡ ದಕ್ಷಿಣ ಅಮೆರಿಕದ ಗಯಾನಾ ದೇಶದಂತೆ ಆಗಬಹುದು ಎಂಬ ಹೋಲಿಕೆ ಎಲ್ಲರ ಬಾಯಲ್ಲಿದೆ. ಗಯಾನಾದಲ್ಲಿ 2015ರಲ್ಲಿ ಎಣ್ಣೆ ಸಿಕ್ಕಿತು, 2019ರ ಡಿಸೆಂಬರ್‌ನಲ್ಲಿ ಹೊರಗೆ ಬಂತು. ಈ ಕೆಲಸದಲ್ಲಿ ಅದೇ ಬಹಳ ಬೇಗ. ಅದೂ ಎಕ್ಸಾನ್‌ಮೊಬಿಲ್‌ನಂಥ ಕಂಪನಿಯ ದುಡ್ಡಿನಲ್ಲಿ. ಸದ್ಯಕ್ಕೆ ಆಯಿಲ್ ಇಂಡಿಯಾ ನಡೆಯುವುದು ಅಸ್ಸಾಂನ ಎಣ್ಣೆ, ಗ್ಯಾಸ್ ಮತ್ತು ನುಮಾಲಿಗಡ ರಿಫೈನರಿಯಿಂದ. ಅವು ನಿಮಗೆ ಒಪ್ಪಿಗೆ ಆದರೆ ಇಟ್ಟುಕೊಳ್ಳಿ. ಅಂಡಮಾನ್‌ಗಾಗಿ ಮಾತ್ರ ಕೊಂಡಿದ್ದರೆ, ನಿಮಗೆ ಬೇಕಾದ್ದು ಸಿಕ್ಕಿಲ್ಲ. ಮಗ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ.

ನಿವೃತ್ತಿ ಹಣದ ಬಗ್ಗೆ: ಬೇಡ. ಆರ್‌ಬಿಐ ನಿಯಮದ ಪ್ರಕಾರ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಲು ಅವಕಾಶ ಇದೆ ಎಂದು ನೀವೇ ಬರೆದಿದ್ದೀರಿ. ಅವಕಾಶ ಇದೆ ಎಂದ ಮಾತ್ರಕ್ಕೆ ಕಳಿಸಬೇಕಾ? ಮಗನಿಗೆ ಆಸೆ ಇದ್ದರೆ ಅವನ ಸಂಬಳದಲ್ಲಿ ಅಲ್ಲೇ ಕೊಳ್ಳಲಿ. ವಯಸ್ಸಿದೆ, ಹೋದರೆ ದುಡಿಯುತ್ತಾನೆ. ನಿಮಗೂ ಆಸೆ ತಡೆಯದಿದ್ದರೆ, ಪೂರ್ತಿ ಹೋದರೂ ಮನೆಯಲ್ಲಿ ಹೇಳಬಲ್ಲಷ್ಟು ಮೊತ್ತ ಹಾಕಿ. ಅದನ್ನು ಬಾವಿ ಕೊರೆಯುವ ಮುಂಚೆಯೇ ತೀರ್ಮಾನ ಮಾಡಿ. ಪ್ರಕಟಣೆ ಬಂದ ದಿನ ಅಲ್ಲ.

ಎಂಆರ್‌ಪಿಎಲ್‌ಗೂ ಇದಕ್ಕೂ ಸಂಬಂಧ ಇಲ್ಲ ಮೇಷ್ಟ್ರೇ. ಅದು ಒಎನ್‌ಜಿಸಿಯ ಅಂಗಸಂಸ್ಥೆ, ಆಯಿಲ್ ಇಂಡಿಯಾದ್ದಲ್ಲ. ಕಚ್ಚಾ ಎಣ್ಣೆ ತರಿಸಿ ಮಂಗಳೂರಿನಲ್ಲಿ ಶುದ್ಧೀಕರಿಸಿ ಮಾರುತ್ತದೆ. ಕೊಂಡ ಎಣ್ಣೆಗೂ ಮಾರಿದ ಪೆಟ್ರೋಲು, ಡೀಸೆಲ್‌ಗೂ ಇರುವ ಬೆಲೆಯ ಅಂತರವೇ ಅದರ ಸಂಪಾದನೆ. ಅಂಡಮಾನ್‌ನಲ್ಲಿ ಕಂಡದ್ದು ಗ್ಯಾಸ್. ಆ ಷೇರು ಕೊಳ್ಳುವುದಾದರೆ ಬೇರೆ ಕಾರಣ ಹುಡುಕಿ.