ಪಹಣಿಯಲ್ಲಿ 1 ಗುಂಟೆ ಕಡಿಮೆ ತೋರಿಸುತ್ತಿರುವುದಕ್ಕೆ

ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ ತೋರಿಸುವ ಕಾಲಂ 3ರಲ್ಲಿ 2 ಎಕರೆ 17 ಗುಂಟೆ, ಮಾಲೀಕರ ಹೆಸರಿರುವ ಕಾಲಂ 9ರಲ್ಲಿ ನಿಮ್ಮ ತಂದೆಯ ಹೆಸರಿಗೆ 2 ಎಕರೆ 16 ಗುಂಟೆ ಎಂದಿದ್ದರೆ, ಅದು ಹೆಚ್ಚಾಗಿ ಕೈಬರಹದ ಪಹಣಿಯನ್ನು ಸರ್ಕಾರದ ಭೂದಾಖಲೆಗಳ ‘ಭೂಮಿ’ ತಂತ್ರಾಂಶಕ್ಕೆ ಏರಿಸುವಾಗ ಆದ ತಪ್ಪು. ಮಾಸಿದ ಶಾಯಿಯಲ್ಲಿ ಕನ್ನಡದ ೬ ಮತ್ತು ೭ ಅವಳಿಗಳಂತೆ ಕಾಣುತ್ತವೆ. ನಮ್ಮ ಜಮೀನಿನಲ್ಲೂ ಇದೇ ಆಗಿತ್ತು.

ಮೊದಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟು, 2000ಕ್ಕೂ ಹಿಂದಿನ ಕೈಬರಹದ ಪಹಣಿಯ ದೃಢೀಕೃತ ನಕಲು ಪಡೆಯಿರಿ. ಕಾಲಂ 10ರಲ್ಲಿರುವ ಎಂಆರ್ (ಮ್ಯುಟೇಷನ್ ರಿಜಿಸ್ಟರ್) ಸಂಖ್ಯೆ ಹಿಡಿದು ಮ್ಯುಟೇಷನ್ (ಹಕ್ಕು ಬದಲಾವಣೆ) ಪ್ರತಿಯನ್ನೂ, ಜೊತೆಗೆ ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರಬಂದನ್ನೂ ತೆಗೆಸಿ. ಮೂರರಲ್ಲೂ 17 ಗುಂಟೆ ಇದ್ದರೆ ಅರ್ಧ ಕೆಲಸ ಮುಗಿದಂತೆ. ಆ ನಕಲುಗಳನ್ನು ಲಗತ್ತಿಸಿ ತಹಶೀಲ್ದಾರರಿಗೆ ಪಹಣಿ ತಿದ್ದುಪಡಿಗೆ ಅರ್ಜಿ ಹಾಕಿ. ಸ್ವೀಕೃತಿ ಇಲ್ಲದೆ ಅಲ್ಲಿಂದ ಕದಲಬೇಡಿ. ‘ಆಮೇಲೆ ಬನ್ನಿ’ ಎಂಬ ಮಾತಿಗೆ ದಾಖಲೆ ಇರುವುದಿಲ್ಲ.

ಕೈಬರಹದಲ್ಲೇ 16 ಎಂದಿದ್ದರೆ ಮಾತು ಬೇರೆ. ಆ ಗುಂಟೆ ಹಿಂದೆಯೇ ಮಾರಾಟವಾಗಿರಬಹುದು, ರಸ್ತೆಗೆ ಹೋಗಿರಬಹುದು, ಖರಾಬು (ಸಾಗುವಳಿಗೆ ಬಾರದ ಜಾಗ) ಎಂದು ಕಳೆದಿರಲೂಬಹುದು. ನಕಲು ನೋಡದೆ ಯಾವುದೆಂದು ಹೇಳಲಾಗದು. ಆಗ ಸರ್ವೆ ಇಲಾಖೆಗೆ ಅಳತೆಯ ಅರ್ಜಿ ಹಾಕಿ. ಅದಕ್ಕೆ ಮುಂಚೆ ಅಳತೆಯ ಶುಲ್ಕ ಕಟ್ಟುವ ಅವಸರ ಬೇಡ.